ಸಣ್ಣ ಮಾಮಾನ ಬೂಟು, ದೊಡ್ಡ ಮಾಮಾನ ಬೈಂಡಿಂಗು

ಜಹೀರಾಬಾದಿನಲ್ಲಿ ಟ್ರಾಕ್ಟರ್ ಸ್ಪೇರ್ ಪಾರ್ಟ್ಸ್ ಮಾರುವ ಅಮರನಾಥ ಅಂಗಡಿ ತೆರೆದ ದಿನದಿಂದ ಇವತ್ತಿನವರೆಗೆ ಯಾವ ಗಿರಾಕಿಗೂ ‘ಇಲ್ಲ’ ಎಂದವನಲ್ಲ. ರೈತ ಸವೆದುಹೋದ ತುಂಡೊಂದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ಮುಂದಿಟ್ಟರೆ, ಅದನ್ನು ಮೂಗಿನ ಹತ್ತಿರ ಹಿಡಿದು ಒಮ್ಮೆ ನೋಡಿ, "ಅದ, ಕೂಡ್ರಿ" ಎನ್ನುತ್ತಾನೆ. ಆಮೇಲೆ ಒಳಗೆ ಹೋಗಿ ಬೇರೆ ಕಂಪನಿಯ, ಬೇರೆ ಕಾಲದ ತುಂಡೊಂದನ್ನು ತಂದು, ಎರಡು ಕಡೆ ಅರ ಉಜ್ಜಿ, ಮೂರು ಏಟು ಹಾಕಿ ಕೂಡಿಸಿಬಿಡುತ್ತಾನೆ. ಹೀಗೆ ಅವನ ಕೈಯಲ್ಲಿ ಕೂಡಿಕೊಂಡ ಟ್ರಾಕ್ಟರುಗಳು ಕಂಗ್ಟಿಯಿಂದ ಮೊಗುಡಂಪಲ್ಲಿವರೆಗೆ ಇವತ್ತಿಗೂ ಓಡುತ್ತಿವೆ. ಅವುಗಳಲ್ಲಿ ಒಂದೆರಡು ಮುಂದಕ್ಕಿಂತ ಹಿಂದಕ್ಕೆ ಚೆನ್ನಾಗಿ ಓಡುತ್ತವೆ ಎಂಬುದು ಬೇರೆ ಮಾತು.

ನನ್ನ ಝೆರಾಕ್ಸ್ ಅಂಗಡಿ ಅವನ ಅಂಗಡಿಯ ಎದುರಿಗೇ ಇದೆ. ಆದ್ದರಿಂದ ಇಲ್ಲಿ ಬರೆಯುತ್ತಿರುವುದೆಲ್ಲ ಕಣ್ಣಾರೆ ಕಂಡದ್ದು. ಕಾಣದ್ದನ್ನು ಅವನ ಹೆಂಡತಿ ರಾಜೇಶ್ವರಿಬಾಯಿ ಹೇಳಿದ್ದಾರೆ. ಗಂಡನ ವಿಷಯದಲ್ಲಿ ಉಪ್ಪುಖಾರ ಹಚ್ಚಿ ಹೇಳುವ ಅಗತ್ಯ ಅವರಿಗೆ ಎಂದೂ ಬಿದ್ದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರೇ ಸಾಕಾಗುತ್ತದೆ.

ಎಲ್ಲವನ್ನೂ ಎಲ್ಲದರ ಜೊತೆ ಕೂಡಿಸುವ ಈ ಅಮರನಾಥನಿಗೆ ಕೂಡಿಬರದೆ ಉಳಿದವನು ಒಬ್ಬನೇ. ತಾಂಡೂರಿನಲ್ಲಿ ಹಾಸುಗಲ್ಲು ಕೊಯ್ಯುವ ಕಾರ್ಖಾನೆ ಇಟ್ಟುಕೊಂಡಿರುವ ಅವನ ಸ್ವಂತ ಅಣ್ಣ, ಲಿಂಗರಾಜ.

ನಾಲ್ಕು ವರ್ಷದ ಹಿಂದೆ ಇವರ ತಂಗಿ, ಅಂದರೆ ಲಿಂಗರಾಜನಿಗೆ ತಂಗಿ ಅಮರನಾಥನಿಗೆ ಅಕ್ಕ, ನಾರಾಯಣಖೇಡದ ಕಾಂತಾಬಾಯಿಯ ದೊಡ್ಡ ಮಗಳ ಮದುವೆ ಆಯಿತು. ನಮ್ಮ ಕಡೆ ಮದುಮಗಳನ್ನು ಹಂದರಕ್ಕೆ ಕರೆತರುವವನು ಸೋದರಮಾವ. ಒಬ್ಬನೇ ಇದ್ದರೆ ಸುಲಭ. ಇಲ್ಲಿ ಇಬ್ಬರು. ಅಣ್ಣ ಬಲಗೈ ಹಿಡಿದ, ತಮ್ಮ ಎಡಗೈ ಹಿಡಿದ, ಕೋಣೆಯ ಬಾಗಿಲು ಮೂರು ಜನರಿಗೆ ಆಗುವಷ್ಟು ಅಗಲ ಇರಲಿಲ್ಲ. ಬಾಗಿಲಲ್ಲಿ ಮೂವರೂ ಸಿಕ್ಕಿಬಿದ್ದಾಗ ಒಬ್ಬರ ಕಾಲು ಇನ್ನೊಬ್ಬರು ತುಳಿದರು. ಯಾರು ಯಾರದ್ದು ತುಳಿದರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಅಂದಿನಿಂದ ಮಾತು ಬಂದ್. ಹೇಳುವುದೇನಾದರೂ ಇದ್ದರೆ ಕಾಂತಾಬಾಯಿಯ ಮುಖಾಂತರ ಹೋಗಬೇಕು.

ಕಾಂತಾಬಾಯಿಯ ಎರಡನೆಯ ಮಗಳು ವಾಣಿಶ್ರೀ. ಇಪ್ಪತ್ತೆರಡು ವರ್ಷ. ಶಾಲೆಯಲ್ಲಿದ್ದಾಗಿನಿಂದ ಓಟದ ಹುಚ್ಚು. ಎರಡು ಸಲ ರಾಜ್ಯದ ತಂಡಕ್ಕೆ ಒಂದೇ ಒಂದು ಸ್ಥಾನದಿಂದ ಅವಕಾಶ ತಪ್ಪಿದವಳು. ಹೋದ ವರ್ಷ ಹೈದರಾಬಾದಿನಲ್ಲಿ ಒಂದು ಶಿಬಿರಕ್ಕೆ ಹೋಗಿ ಹೊಸ ಆಟ ಕಲಿತು ಬಂದಳು. ಅದು ಹಿಮದ ಮೇಲೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಮೈಲಿಗಟ್ಟಲೆ ಸಾಗುವ ಸ್ಕೀ ಆಟ. ಜಹೀರಾಬಾದಿನಲ್ಲಿ ಹಿಮ ಎಂದರೆ ಮೀನು ಮಾರುವವರ ಬುಟ್ಟಿಯಲ್ಲಿರುವುದು ಮಾತ್ರ. ಆದರೆ ಹಿಮ ಇಲ್ಲದ ಊರುಗಳಿಗೆಂದು ಗಾಲಿ ಹಚ್ಚಿದ ಸ್ಕೀಗಳಿವೆ. ಒಂದೂವರೆ ಮೊಳದ ಪಟ್ಟಿ, ಹಿಂದೊಂದು ಮುಂದೊಂದು ಗಾಲಿ, ಎರಡೂ ಕೈಯಲ್ಲಿ ಊರಿ ತಳ್ಳಲು ಕೋಲು. ಡಾಂಬರು ರಸ್ತೆಯೇ ಹಿಮ.

ಈ ಆಟದ ಗುಟ್ಟೆಲ್ಲ ಕಾಲ ಬುಡದಲ್ಲಿದೆ. ಬೂಟಿನ ತುದಿಯಲ್ಲಿ ಒಂದು ಸಣ್ಣ ಸರಳು ಇರುತ್ತದೆ. ಪಟ್ಟಿಯ ಮೇಲಿನ ಬೈಂಡಿಂಗು ಅದನ್ನು ಬಾಯಿ ಮುಚ್ಚಿ ಹಿಡಿಯುತ್ತದೆ. ಬೆರಳ ಕಡೆ ಮಾತ್ರ ಹಿಡಿತ, ಹಿಮ್ಮಡಿ ಏಳುತ್ತಿರಬೇಕು. ಬೂಟು ಒಂದು ಥರದ್ದು, ಬೈಂಡಿಂಗು ಇನ್ನೊಂದು ಥರದ್ದು ಆದರೆ ಎರಡೂ ಒಂದಕ್ಕೊಂದು ಮುಖ ಕೊಡುವುದಿಲ್ಲ.

ಭಾನುವಾರ ಹೈದರಾಬಾದಿನ ಹೊರಗೆ ಆಯ್ಕೆ ಪಂದ್ಯ. ಮೊದಲ ಮೂವರಿಗೆ ಚಳಿಗಾಲದಲ್ಲಿ ಹಿಮಾಲಯದ ಶಿಬಿರ. ಸಾಮಾನು ಅವರವರೇ ತರಬೇಕು. ವಾಣಿಶ್ರೀ ಈ ಸಲ ಮೂವರಲ್ಲಿ ಒಬ್ಬಳಾಗಲೇಬೇಕೆಂದು ಎಂಟು ತಿಂಗಳು ಶಿಬಿರದ ಎರವಲು ಸಾಮಾನಿನಲ್ಲಿ ಬೆಳಗಾಗೆದ್ದು ಓಡಿದ್ದಳು, ಕೋಲು ಊರಿ ಜಡ್ಡುಗಟ್ಟಿದ ಕೈಗಳನ್ನು ತಾಯಿಗೆ ತೋರಿಸದೆ ಮುಚ್ಚಿಟ್ಟಿದ್ದಳು.

"ಸ್ವಾದರಮಾವಗೋಳು ಇಬ್ರಿದ್ದೂ ನನ್ ಮಗಳು ಮಂದಿ ಬೂಟ ಹಾಕ್ಕೊಂಡು ಓಡಬೇಕೇನು?" ಎಂದು ಕಾಂತಾಬಾಯಿ ಒಂದು ಮಾತು ಆಡಿದಳು. ಫೋನು ಎರಡು ಊರಿಗೂ ಹೋಯಿತು. ಲಿಂಗರಾಜ ಬೈಂಡಿಂಗ್ ಸಮೇತ ಗಾಲಿ ಸ್ಕೀ ತರುವುದೆಂದೂ, ಅಮರನಾಥ ಬೂಟು ತರುವುದೆಂದೂ ಹಂಚಿಕೆ ಆಯಿತು. ವಾಣಿಶ್ರೀ ಇಬ್ಬರಿಗೂ ಬೇರೆ ಬೇರೆ ಫೋನು ಮಾಡಿ ಒಂದೇ ಬೇಡಿಕೆ ಇಟ್ಟಳು.

"ಮಾಮಾ, ಎರಡ ಥರ ಸಿಗ್ತಾವ. ಯಾವದಾದ್ರೂ ನಡೀತದ. ಆದ್ರ ಇಬ್ರೂ ಒಂದೇ ಥರದ್ದು ತರಬೇಕು. ಒಂದ ಸಲ ಅವರಿಗಿ ಫೋನ್ ಹಚ್ಚಿ ಕೇಳ್ರಿ, ಅಷ್ಟೇ."

"ನಾ ಯಾಕ ಕೇಳ್ಲಿ? ಸಣ್ಣಾಂವ ಅಂವ, ಅಂವ ಕೇಳ್ಲಿ" ಎಂದ ಲಿಂಗರಾಜ.

"ದೊಡ್ಡಾಂವ ಅಂತ ಮೆರೀತಾನಲ್ಲ, ಅಂವನೇ ಹೇಳ್ಲಿ" ಎಂದ ಅಮರನಾಥ.

ಹೀಗೆ ಒಂದು ನಿಮಿಷದ ಫೋನು ಉಳಿಯಿತು. ಅಮರನಾಥ ಹೈದರಾಬಾದಿಗೆ ಹೋಗಿ ಆಟದ ಸಾಮಾನಿನ ಅಂಗಡಿಯಲ್ಲಿ ಬೂಟು ಕೊಂಡ. ಅಳತೆ ಕೇಳಿದರೆ ತನ್ನ ಕಾಲನ್ನೇ ಮುಂದೆ ಚಾಚಿದ. "ನನ್ನ ಸೊಸಿ ಕಾಲು ನನ್ನಂಗೇ ಅವ, ಇದೇ ಸ್ಯಾಂಪಲ್" ಎಂದ. ಇಷ್ಟರ ಮಟ್ಟಿಗೆ ಅದು ಸತ್ಯವೂ ಹೌದು. ಅಂಗಡಿಯವನು ಬೈಂಡಿಂಗು ಯಾವುದು ಎಂದು ಮೂರು ಸಲ ಕೇಳಿದ. "ಅದು ತಾಂಡೂರಿನವರ ಕೆಲಸ, ನನಗ ಸಂಬಂಧ ಇಲ್ಲ" ಎಂದು ಮೂರು ಸಲವೂ ಉತ್ತರ ಕೊಟ್ಟು ಬಂದ.

ಶುಕ್ರವಾರ ತಾಂಡೂರಿನ ಬಸ್ಸಿನಲ್ಲಿ ಲಿಂಗರಾಜನ ಪಾರ್ಸಲ್ ಬಂತು. ಶನಿವಾರ ಬೆಳಿಗ್ಗೆ ನಾರಾಯಣಖೇಡದ ಬಸ್ಸಿನಲ್ಲಿ ವಾಣಿಶ್ರೀ ಬಂದಳು. ಅಂಗಡಿಯ ಮುಂದೆ ಚಾಪೆ ಹಾಸಿ ಎರಡನ್ನೂ ಬಿಚ್ಚಿದರು. ನಾನೂ ಅಂಗಡಿ ಬಿಟ್ಟು ಬಂದು ನಿಂತೆ. ಬೂಟಿನ ಅಡಿಯಲ್ಲಿ ಬೈಂಡಿಂಗು ಕೂಡಲೆಂದು ಕೊರೆದ ಎರಡು ಸಣ್ಣ ತೋಡುಗಳಿದ್ದವು. ಬೈಂಡಿಂಗಿನ ಮೇಲೆ ಒಂದೇ ಒಂದು ಉಬ್ಬಿದ ದಪ್ಪ ಏಣು ಇತ್ತು. ವಾಣಿಶ್ರೀ ಬೂಟು ಹಾಕಿಕೊಂಡು ಒತ್ತಿದಳು. ಸದ್ದೇ ಇಲ್ಲ. ಇನ್ನೊಮ್ಮೆ ಒತ್ತಿದಳು. ಕಾಲು ಜಾರಿ ಚಾಪೆಯ ಮೇಲೆ ಬಂತು.

"ಕೂಡಂಗಿಲ್ಲ ಮಾಮಾ," ಎಂದಳು. ದನಿ ಸಣ್ಣಗಾಗಿತ್ತು.

"ಆತು, ನಂಗ ಗೊತ್ತಿತ್ತು. ತಾಂಡೂರಿನ ಮಾಲು ತಪ್ಪ ಬಂದದ," ಎಂದ ಅಮರನಾಥ.

"ಯಾರದೂ ತಪ್ಪಲ್ಲ. ಎರಡೂ ಚಲೋ ಮಾಲೇ. ಒಂದಕ್ಕೊಂದು ಕೂಡಂಗಿಲ್ಲ ಅಷ್ಟೇ. ದೊಡ್ಡ ಮಾಮಾಗ ಫೋನ್ ಮಾಡಿ, ಯಾರದರ ಒಬ್ರದ್ದು ಬದಲ ಮಾಡ್ಸೋಣ್ರಿ. ನಾಳಿಗಿ ರೇಸ್ ಅದ."

ಇಷ್ಟು ಸರಳವಾದ ಉಪಾಯ ಅಮರನಾಥನಿಗೆ ಒಪ್ಪಿಗೆಯಾಗಲಿಲ್ಲ. "ಕೂಡಂಗಿಲ್ಲ ಅನ್ನೋ ಮಾತು ಈ ಅಂಗಡ್ಯಾಗ ಇಪ್ಪತ್ತೆಂಟು ವರ್ಷದಾಗ ಯಾರೂ ಆಡಿಲ್ಲವ್ವ. ಕೂಡ್ರು" ಎಂದು ಒಳಗೆ ಹೋದ. ಟ್ರಾಕ್ಟರಿನ ರಬ್ಬರ್ ಪೈಪಿಗೆ ಬಿಗಿಯುವ ಉಕ್ಕಿನ ಕ್ಲಿಪ್ಪುಗಳನ್ನು ಮುಷ್ಟಿ ತುಂಬ ತಂದ.

"ಮಾಮಾ, ಹಿಮ್ಮಡಿ ಏಳಬೇಕು ಅದರಾಗ."

"ಎದ್ದು ಎಲ್ಲಿಗಿ ಹೋಗಬೇಕಾಗೇದ ಅದಕ್ಕ? ಬರೋಬ್ಬರಿ ಕೂಡ್ಲಿ ಸುಮ್ನ."

"ಹಂಗಾದ್ರ ಓಡಾಕ ಬರಂಗಿಲ್ಲ."

"ಬರ್ತದ. ಮೊದಲ ನಾನೇ ನಿಂತು ತೋರಸ್ತೀನಿ. ಹೆಣ್ಮಗಳ ಮ್ಯಾಲ ಪ್ರಯೋಗ ಮಾಡಾಂವಲ್ಲ ನಾ."

ರಾಜೇಶ್ವರಿಬಾಯಿ ಹೊಸ್ತಿಲಲ್ಲಿ ನಿಂತು, "ರೀ, ನಿಮಗ ಸೈಕಲ್ಲೇ ಬರಂಗಿಲ್ಲ" ಎಂದು ನೆನಪು ಮಾಡಿಕೊಟ್ಟರು. ಆದರೆ ಅಷ್ಟರಲ್ಲಿ ಬೂಟುಗಳು ಅವನ ಕಾಲಲ್ಲಿದ್ದವು, ಒಂದೊಂದು ಬೂಟಿಗೆ ಮೂರು ಮೂರು ಕ್ಲಿಪ್ಪು ಬಿಗಿದು ಬೂಟು ಪಟ್ಟಿ ಎರಡೂ ಒಂದಾಗಿದ್ದವು. ಅವನು ನನ್ನ ಹೆಗಲು ಹಿಡಿದು ಎದ್ದು ನಿಂತ. ಎದೆ ಉಬ್ಬಿಸಿ ಸುತ್ತಲೂ ನೋಡಿದ. "ನೋಡವ್ವ, ಹ್ಯಾಂಗ ಕೂಡ್ತು!" ಎಂದು ಎರಡೂ ಕೈ ಎತ್ತಿ ತೋರಿಸಿದ.

ಎತ್ತಿದ ಕೈಗಳಲ್ಲಿ ಒಂದು ನನ್ನ ಹೆಗಲ ಮೇಲಿನದು.

ನಮ್ಮ ಗಲ್ಲಿ ಮುಖ್ಯ ರಸ್ತೆಯ ಕಡೆಗೆ ಇಳಿಜಾರಾಗಿದೆ ಎಂದು ಮೂವತ್ತು ವರ್ಷ ಇಲ್ಲಿದ್ದರೂ ನನಗೆ ಗೊತ್ತಿರಲಿಲ್ಲ. ಅಮರನಾಥ ಮೊದಲು ಬಹಳ ಗಂಭೀರವಾಗಿ, ಯಾರನ್ನೋ ಬೀಳ್ಕೊಡುವವನ ಹಾಗೆ ನಮ್ಮಿಂದ ದೂರ ಹೋದ. ಆಮೇಲೆ ಸ್ವಲ್ಪ ಜೋರಾಗಿ ಹೋದ. ಆಮೇಲೆ "ಬ್ರೇಕ್ ಎಲ್ಲದವ್ವಾ?" ಎಂದು ಕೂಗಿದ.

"ಬ್ರೇಕ್ ಇರಂಗಿಲ್ಲ ಮಾಮಾ!" ಎಂದು ವಾಣಿಶ್ರೀ ಕೂಗುತ್ತ ಹಿಂದೆ ಓಡಿದಳು.

ಅದೇ ಹೊತ್ತಿಗೆ ಮುಖ್ಯ ರಸ್ತೆಯಲ್ಲಿ ಸಾಯಪ್ಪನ ಕಬ್ಬಿನ ಟ್ರಾಕ್ಟರು ಸಾಗುತ್ತಿತ್ತು. ಟ್ರೇಲರಿನ ಹಿಂದೆ ಕಬ್ಬು ಕಟ್ಟಿದ ಹಗ್ಗದ ತುದಿ ನೇತಾಡುತ್ತಿತ್ತು. ಮೋರಿಗೆ ಬೀಳುವುದೋ ಹಗ್ಗ ಹಿಡಿಯುವುದೋ ಎಂಬ ಪ್ರಶ್ನೆ ಬಂದಾಗ ಅಮರನಾಥ ಹಗ್ಗ ಹಿಡಿದ. ಸಾಯಪ್ಪ ಟ್ರಾಕ್ಟರಿಗೆ ಕಟ್ಟಿದ ಎರಡು ಸ್ಪೀಕರಿನಲ್ಲಿ ಹಾಡು ಹಾಕಿಕೊಂಡಿದ್ದ. ಹಿಂದೆ ತಾನು ಒಬ್ಬ ವ್ಯಾಪಾರಿಯನ್ನು ಎಳೆಯುತ್ತಿದ್ದೇನೆಂದು ಅವನಿಗೆ ತಿಳಿಯಲಿಲ್ಲ. ಆ ಟ್ರಾಕ್ಟರಿನ ಗೇರು ಅಮರನಾಥನೇ ಕೂಡಿಸಿದ್ದು. ಅದು ಆ ದಿನ ಮುಂದಕ್ಕೆ ಬಹಳ ಚೆನ್ನಾಗಿ ಓಡಿತು.

ಹೀಗೆ ಜಹೀರಾಬಾದಿನ ಗಣ್ಯ ವರ್ತಕನೊಬ್ಬ, ಬಿಳಿ ಅಂಗಿ, ಹಣೆಗೆ ವಿಭೂತಿ, ಕಾಲಿಗೆ ಗಾಲಿ, ಕೈಯಲ್ಲಿ ಹಗ್ಗ ಸಮೇತ ಶನಿವಾರದ ಜನಸಂದಣಿಯ ನಡುವೆ ಊರ ಮೆರವಣಿಗೆ ಹೊರಟ. ನಾನು, ವಾಣಿಶ್ರೀ, ರಾಜೇಶ್ವರಿಬಾಯಿ ಒಂದು ಆಟೋ ಹಿಡಿದು ಹಿಂಬಾಲಿಸಿದೆವು. ಜನ ದಾರಿಯ ಎರಡೂ ಕಡೆ ನಿಂತು ತಮತಮಗೆ ತೋಚಿದ ಅರ್ಥ ಹಚ್ಚುತ್ತಿದ್ದರು. ರಸ್ತೆ ರಿಪೇರಿಗೆ ಧರಣಿ ಎಂದು ಕೆಲವರು, ಮುನ್ಸಿಪಾಲ್ಟಿ ಚುನಾವಣೆಗೆ ನಿಲ್ಲುತ್ತಾನೆ ಎಂದು ಕೆಲವರು. ಒಬ್ಬ ಮುದುಕಿ ಹರಕೆ ಇರಬೇಕೆಂದು ಕೈ ಮುಗಿದಳು. ಅಮರನಾಥನಿಗೆ ವಾಪಸು ಮುಗಿಯಲು ಕೈ ಖಾಲಿ ಇರಲಿಲ್ಲ, ತಲೆ ಅಲ್ಲಾಡಿಸಿದ. ಬಿರಿಯಾನಿ ಹೋಟೆಲಿನವರು ಹೊರಗೆ ಬಂದು, "ಕ್ಯಾ ಸೇಟ್, ನಯೀ ಗಾಡಿ?" ಎಂದು ವಿಚಾರಿಸಿದರು.

ಬಸ್ ಸ್ಟ್ಯಾಂಡಿನ ಮುಂದೆ ಪೊಲೀಸ್ ಬಾಲರಾಜ ಸೀಟಿ ಊದಿ ಟ್ರಾಕ್ಟರು ನಿಲ್ಲಿಸಿದ. ಟ್ರಾಕ್ಟರು ನಿಂತಿತು, ಅಮರನಾಥ ನಿಲ್ಲಲಿಲ್ಲ. ಕಬ್ಬಿನ ರಾಶಿಯೊಳಗೆ ಎದೆಮಟ್ಟ ಹೊಕ್ಕ ಮೇಲೆ ನಿಂತ.

ಬಾಲರಾಜ ಅವನನ್ನು ಹೊರಗೆಳೆದು, ಕಾಲ ಕಡೆ ಬಹಳ ಹೊತ್ತು ನೋಡಿದ. "ಸೇಟ್ರ, ಇದು ಗಾಡಿ ಲೆಕ್ಕಕ್ಕ ಬರ್ತದೋ, ಚಪ್ಪಲಿ ಲೆಕ್ಕಕ್ಕ ಬರ್ತದೋ?"

"ಬೂಟದ ಲೆಕ್ಕಕ್ಕ."

"ಬೂಟಕ್ಕ ನಾಲ್ಕು ಗಾಲಿ ಅವ. ನಾಲ್ಕು ಗಾಲಿ ಇದ್ರ ನಂಬರ್ ಬೇಕು. ಕಾಗದ ಎಲ್ಲವ?"

"ಕಾಲಿಗಿ ಕಾಗದ ಎಲ್ಲಿಂದ ತರ್ಲೋ ಬಾಲರಾಜ!"

"ಹೆಲ್ಮೆಟ್ ಆದ್ರೂ ಹಾಕ್ಕೋಬೇಕಿಲ್ರಿ? ಮಂದಿ ನಿಮ್ಮನ್ನ ನೋಡಿ ಕಲೀತಾರ."

ಕೊನೆಗೆ ಬಾಲರಾಜನೇ ಸ್ಕ್ರೂ ಡ್ರೈವರು ತರಿಸಿ ಆರು ಕ್ಲಿಪ್ಪು ಬಿಚ್ಚಿಸಿದ. ಸಾಯಪ್ಪ ಸ್ಟೀರಿಂಗಿನಿಂದ ಇಳಿದು ಬಂದು, "ಸೇಟ್ರ, ಬರ್ತೀನಂದಿದ್ರ ಮುಂದ ಕೂಡಿಸ್ಕೊಂಡ ಬರ್ತಿದ್ದೆಲ್ರಿ" ಎಂದು ನಿಜವಾಗಿ ನೊಂದುಕೊಂಡ. ಅಮರನಾಥ ಮೈಯೆಲ್ಲ ಕಬ್ಬಿನ ಒಣಗರಿ ಅಂಟಿಸಿಕೊಂಡು, ಬರಿಗಾಲಲ್ಲಿ ನಮ್ಮ ಆಟೋ ಹತ್ತಿದ. ಅವನಿಗೆ ಎಲ್ಲೂ ಒಂದು ಗೀರು ಬಿದ್ದಿರಲಿಲ್ಲ. ಬೂಟಿಗೆ ಮಾತ್ರ ಬಿದ್ದಿತ್ತು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಬಸ್ ಸ್ಟ್ಯಾಂಡಿನ ಎದುರು ಬಾಳೆಹಣ್ಣು ಮಾರುವ ಲಚ್ಚಮ್ಮ ಎಲ್ಲವನ್ನೂ ನೋಡಿದ್ದಳು. ಲಚ್ಚಮ್ಮ ಸುಳ್ಳುಗಾರ್ತಿ ಅಲ್ಲ. "ಅಮರನಾಥ ಸೇಟ್ ಟ್ರಾಕ್ಟರ್ ಹಿಂದ ಎಳಕೊಂಡ ಹೋದಾ. ಕಾಲ್ನ್ಯಾಗ ಗಾಲಿ ಇದ್ದವು" ಎಂದಷ್ಟೇ ಬಸ್ಸಿಗೆ ಕಾದು ನಿಂತ ಹೆಂಗಸರಿಗೆ ಹೇಳಿದಳು. ಈಗ ನಮ್ಮ ರಾಜ್ಯದ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ. ಆದ್ದರಿಂದ ಸುದ್ದಿಯೂ ಪುಕ್ಕಟೆಯಾಗಿ ತಾಂಡೂರಿನ ಬಸ್ಸು ಹತ್ತಿತು.

ಬಸ್ಸಿನಲ್ಲಿ ಕೂತವರಿಗೆ ಯೋಚಿಸಲು ಸಮಯವಿರುತ್ತದೆ. ಗಟ್ಟಿಮುಟ್ಟಾದ ಮನುಷ್ಯನಿಗೆ ಗಾಲಿ ಯಾಕೆ? ಕಾಲಿಲ್ಲದವನಿಗೆ ಗಾಲಿ. ಕಾಲು ಯಾಕೆ ಹೋದವು? ಟ್ರಾಕ್ಟರು ಹಿಂದೆಯೇ ಇದೆಯಲ್ಲ. ಹೀಗೆ ಒಂದೊಂದು ನಿಲ್ದಾಣಕ್ಕೆ ಒಂದೊಂದು ಅನುಮಾನ ಪರಿಹಾರವಾಗುತ್ತ, ಬಸ್ಸು ತಾಂಡೂರು ಮುಟ್ಟುವ ಹೊತ್ತಿಗೆ ಅಮರನಾಥನ ಎರಡೂ ಕಾಲುಗಳು ಮೊಣಕಾಲಿನವರೆಗೆ ಹೋಗಿದ್ದವು. ಬಸ್ಸಿಳಿದ ಹೆಣ್ಣುಮಗಳೊಬ್ಬಳು ನೇರವಾಗಿ ಲಿಂಗರಾಜನ ಕಲ್ಲಿನ ಕಾರ್ಖಾನೆಗೆ ಹೋಗಿ ಅಳುತ್ತ ಹೇಳಿದಳು. "ಜೀವಕ್ಕೇನ ಅಪಾಯ ಇಲ್ರಿ. ಗಾಲಿ ಮ್ಯಾಲ ತಿರಗಾಡಾಕತ್ತಾರಂತ."

ಲಿಂಗರಾಜ ಕಲ್ಲು ಕೊಯ್ಯುವ ಯಂತ್ರ ನಿಲ್ಲಿಸಲಿಲ್ಲ, ಹಾಗೇ ಹೊರಬಂದ. ವಾಣಿಶ್ರೀಗೆ ಫೋನು ಹಚ್ಚಿದ, ಅವಳು ತಾಯಿಯ ಜೊತೆ ಮಾತಾಡುತ್ತಿದ್ದಳು. ಕಾಂತಾಬಾಯಿಗೆ ಹಚ್ಚಿದ, ಅವಳು ಮಗಳ ಜೊತೆ ಮಾತಾಡುತ್ತಿದ್ದಳು. ಕೊನೆಗೆ ತಮ್ಮನ ನಂಬರನ್ನೇ ಒತ್ತಿದ. ನಾಲ್ಕು ವರ್ಷದ ಹಿಂದೆ ಸಿಟ್ಟಿನಲ್ಲಿ ಅದನ್ನು ಫೋನಿನಿಂದ ಅಳಿಸಿಹಾಕಿದ್ದ. ಆದರೆ ಹತ್ತೂ ಅಂಕಿ ಬಾಯಿಪಾಠ ಇದ್ದವು. ಅಮರನಾಥನ ಫೋನು ಅಂಗಡಿಯ ಗಲ್ಲೆಯ ಮೇಲೆ ಕೂತು ಹದಿನಾಲ್ಕು ಸಲ ಬಡಿದುಕೊಂಡಿತು. ಎತ್ತುವವರು ಯಾರೂ ಇರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಅಮರನಾಥ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅಂಗಡಿಯ ಹಿಂದಿನ ಮನೆಯ ಪಡಸಾಲೆಯಲ್ಲಿ ಬಿಳಿಜೋಳದ ರೊಟ್ಟಿ, ಕಡಲೆಹಿಟ್ಟಿನ ಜುಣಕದ ಮುಂದೆ ಕಾಲು ಮಡಚಿ ಚಕ್ಕಂಬಕ್ಕಲ ಹಾಕಿ ಕೂತಿದ್ದ. ನಾನೂ ಪಕ್ಕದಲ್ಲಿದ್ದೆ. ವಾಣಿಶ್ರೀ ಮೂಲೆಯಲ್ಲಿ ಬೂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಗೀರುಗಳನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಳು. ಅವಳು ಊಟಕ್ಕೆ ಬಂದಿರಲಿಲ್ಲ. ಹೊರಗೆ ಕಲ್ಲು ಸಾಗಿಸುವ ಟೆಂಪೋ ಒಂದು ಬಂದು ನಿಂತ ಸದ್ದಾಯಿತು. ಬಾಗಿಲಲ್ಲಿ ಲಿಂಗರಾಜ ಕಾಣಿಸಿಕೊಂಡ. ಮೈಮೇಲೆಲ್ಲ ಕಲ್ಲಿನ ಹಿಟ್ಟು. ಕಣ್ಣಿನ ಕೆಳಗೆ ಮಾತ್ರ ಎರಡು ಗೆರೆ ತೊಳೆದುಹೋಗಿದ್ದವು. ಮುಂದೆ ಒಂದು ಹೊಚ್ಚ ಹೊಸ ಗಾಲಿ ಕುರ್ಚಿ ತಳ್ಳಿಕೊಂಡು ಬಂದಿದ್ದ.

ಲಿಂಗರಾಜ ತಮ್ಮನ ಮುಖ ನೋಡಿದ. ಆಮೇಲೆ ಕಾಲು ಹುಡುಕಿದ. ಕಾಲು ಮಡಚಿ ಪಂಚೆಯ ಕೆಳಗಿದ್ದವು.

"ಅಮರಾ," ಎಂದ. ನಾಲ್ಕು ವರ್ಷದಲ್ಲಿ ಮೊದಲ ಮಾತು. "ಅಮರಾ, ಹೆದರಬ್ಯಾಡೋ. ನಾ ಇದ್ದೀನಿ. ಕಾಲ ಹೋದ್ರ ಹೋಗ್ಲಿ."

ಅಮರನಾಥನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಅಣ್ಣ ಬಾಗಿಲಲ್ಲಿದ್ದಾನೆ ಎಂಬುದು ಅರ್ಥವಾಯಿತು. ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಎದ್ದು ನಿಂತ.

ಹೆಳವನು ಎದ್ದು ನಿಂತದ್ದನ್ನು ನೋಡಿ ಲಿಂಗರಾಜ ತಾನು ತಂದ ಗಾಲಿ ಕುರ್ಚಿಯಲ್ಲಿ ತಾನೇ ಧೊಪ್ಪನೆ ಕೂತ. ಕುರ್ಚಿ ಎರಡು ಮಾರು ಹಿಂದಕ್ಕೆ ಹೋಗಿ ತುಳಸಿಕಟ್ಟೆಗೆ ತಾಗಿ ನಿಂತಿತು. ಅಲ್ಲಿಂದಲೇ ಅವನು ಬೈಯಲು ಶುರು ಮಾಡಿದ.

"ಹಲ್ಕಟ್! ನಿನ್ನ ಕಾಲ ಹೋದವಂತ ಅಳ್ಕೋತ ಬಂದೀನಿ, ನೀ ಜುಣಕ ತಿನ್ನಾಕತ್ತೀದಿ?"

"ಕಾಲ ಹೋಗ್ಯಾವಂತ ಯಾರ ಹೇಳಿದ್ರು?"

"ಇಡೀ ತಾಂಡೂರ ಹೇಳ್ತು! ಫೋನ್ ಯಾಕ ಎತ್ತಲಿಲ್ಲ?"

"ನೀ ಯಾವಾಗ ಹಚ್ಚಿದ್ದಿ?"

"ಹದಿನಾಲ್ಕ ಸಲ ಹಚ್ಚೀನಿ!"

ಅಮರನಾಥ ಅಂಗಡಿಗೆ ಓಡಿಹೋಗಿ ಫೋನು ತಂದು ನೋಡಿದ. ಹದಿನಾಲ್ಕೇ ಇದ್ದವು. ನಿಂತಲ್ಲೇ ಅವನ ಕಣ್ಣು ತುಂಬಿದವು. ಅವನಿಗೆ ಬಹಳ ಸಂತೋಷವಾಗಿತ್ತು. ಅದನ್ನು ಮುಚ್ಚಿಕೊಳ್ಳುವ ದಾರಿ ತಿಳಿಯದೆ, "ರಾಜೇಶ್ವರಿ, ಅಣ್ಣಗ ತಾಟ ಹಾಕ" ಎಂದು ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಕೂಗಿದ.

"ತಾಟ ಆಮೇಲೆ. ನಾಳಿಗಿ ನನ್ನ ರೇಸ್ ಅದ," ಎಂದು ಮೂಲೆಯಿಂದ ವಾಣಿಶ್ರೀ ಬೂಟು ಎತ್ತಿ ಹಿಡಿದಳು.

ಅರ್ಧ ಗಂಟೆಯಲ್ಲಿ ನನ್ನ ಕಾರು ಹೊರಟಿತು. ಲಿಂಗರಾಜ ಬಂದ ಟೆಂಪೋದಲ್ಲಿ ಐದು ಜನ ಕೂತು ಹೈದರಾಬಾದಿಗೆ ಹೋಗುವುದು ಸಾಧ್ಯವಿರಲಿಲ್ಲ. ಅಣ್ಣ ತಮ್ಮ ಹಿಂದಿನ ಸೀಟಿನಲ್ಲಿ ಎರಡು ಕಿಟಕಿಗೆ ಅಂಟಿಕೊಂಡು ಕೂತರು, ನಡುವೆ ರಾಜೇಶ್ವರಿಬಾಯಿ. ಬೂಟಿನ ಅಂಗಡಿ ಮುಟ್ಟಿದಾಗ ಸಂಜೆ ಆರು ಗಂಟೆ.

ಅಂಗಡಿಯವನು ಬೂಟು ತಿರುಗಿಸಿ ನೋಡಿ ತಲೆ ಅಲ್ಲಾಡಿಸಿದ. ಗೀರು ಬಿದ್ದ ಬೂಟು ವಾಪಸು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಂಡರೂ ಇನ್ನೊಂದು ಥರದ ಬೂಟು ಈ ಅಳತೆಯಲ್ಲಿ ತನ್ನಲ್ಲಿ ಇಲ್ಲ. ಈ ಬೂಟಿಗೆ ಕೂಡುವ ಬೈಂಡಿಂಗು ಮಾತ್ರ ಒಂದೇ ಒಂದು ಜೊತೆ ಇದೆ. ಸ್ಕೀ ಮೇಲೆ ಈಗಿರುವುದನ್ನು ಕಿತ್ತು, ಹೊಸ ತೂತು ಕೊರೆದು, ಅದನ್ನು ಕೂಡಿಸಬೇಕು.

ಎಂದರೆ ದೊಡ್ಡ ಮಾಮಾನ ಬೈಂಡಿಂಗು ಹೋಗಬೇಕು, ಸಣ್ಣ ಮಾಮಾನ ಬೂಟು ಉಳಿಯಬೇಕು. ನಾವೆಲ್ಲ ಲಿಂಗರಾಜನ ಮುಖ ನೋಡಿದೆವು. ವಾಣಿಶ್ರೀ ನೋಡಲಿಲ್ಲ, ನೆಲ ನೋಡುತ್ತಿದ್ದಳು.

"ನಂದು ಕೀಳು," ಎಂದ ಲಿಂಗರಾಜ. "ಅದರಾಗೇನದ."

ನಾಲ್ಕು ವರ್ಷದಿಂದ ಈ ಗೆಲುವಿಗೇ ಕಾದಿದ್ದ ಅಮರನಾಥನಿಗೆ ಅದು ಕೈಗೆ ಬಂದ ಕೂಡಲೇ ಬೇಡವಾಯಿತು. "ಬ್ಯಾಡಣ್ಣ. ನೀ ಕೊಟ್ಟದ್ದು ಹಂಗ ಕೀಳಾಕ ಬರಂಗಿಲ್ಲ. ನಂದೇ ಬದಲ ಆಗ್ಲಿ, ನಾ ಮುಂಬೈಗಿ ಹೋಗಿ ಬೂಟ ತರ್ತೀನಿ."

"ಮುಂಬೈಗಿ ಯಾವಾಗ ಹೋಗ್ತಿ? ನಾಳಿ ಮುಂಜಾನಿ ಏಳಕ್ಕ ರೇಸ್ ಅದ."

"ಏನರ ಮಾಡ್ತೀನಿ. ನೀ ದೊಡ್ಡಾಂವ ಅದಿ, ನಿಂದು ಇರ್ಲಿ."

"ದೊಡ್ಡಾಂವ ಅದೀನಂತೇ ಹೇಳಾಕತ್ತೀನಿ, ನಂದ ಕೀಳು!"

"ನಾ ಕೀಳಂಗಿಲ್ಲ!"

ಮೊದಲು ಇಬ್ಬರೂ ಬಗ್ಗಲಾರೆವೆಂದು ಜಗಳ ಮಾಡಿದವರು ಈಗ ತಾವೇ ಬಗ್ಗುತ್ತೇವೆಂದು ಜಗಳಕ್ಕೆ ನಿಂತರು. ಅಂಗಡಿಯವನು ಶಟರು ಅರ್ಧ ಎಳೆದ. ಆಗ ವಾಣಿಶ್ರೀ ಒದರಿದಳು. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ನಿಮ್ದೂ ಅಲ್ಲ ಅವರದೂ ಅಲ್ಲ! ಬೂಟ ನಂದು, ಸ್ಕೀ ನಂದು, ಕಾಲ ನಂದು! ಎಂಟ ತಿಂಗಳ ಆತು ನಾ ಓಡಾಕತ್ತು. ದೊಡ್ಡ ಮಾಮಾ ಹಿಡೀರಿ, ಸಣ್ಣ ಮಾಮಾ ಕೊರೀರಿ. ಜಲ್ದಿ!"

ಇಬ್ಬರೂ ತೆಪ್ಪಗೆ ನೆಲದ ಮೇಲೆ ಕೂತರು. ಕಲ್ಲಿನ ಹಾಸು ಎತ್ತಿ ಗಟ್ಟಿಯಾದ ಕೈಯಲ್ಲಿ ಲಿಂಗರಾಜ ಸ್ಕೀ ಅಲುಗದ ಹಾಗೆ ಹಿಡಿದ. ಕೂದಲೆಳೆ ವಾರೆ ಆದರೂ ಅವನ ಕಣ್ಣಿಗೆ ಕಾಣುತ್ತಿತ್ತು. "ಎಡಕ್ಕ. ಇನ್ನ ಜರಾ ಎಡಕ್ಕ. ಬಸ್" ಎನ್ನುತ್ತಿದ್ದ. ಅಮರನಾಥ ಅಂಗಡಿಯವನ ಡ್ರಿಲ್ ಹಿಡಿದು ಕೊರೆದ. ಅರ ಉಜ್ಜಲಿಲ್ಲ, ಏಟು ಹಾಕಲಿಲ್ಲ, ಅಣ್ಣ ಹೇಳಿದ ಕಡೆ ಹೇಳಿದಷ್ಟೇ ಕೊರೆದ. ಅವನು ಇಷ್ಟು ಸುಮ್ಮನೆ ಕೆಲಸ ಮಾಡಿದ್ದನ್ನು ನಾನು ಇಪ್ಪತ್ತೆಂಟು ವರ್ಷದಲ್ಲಿ ನೋಡಿಲ್ಲ. ಮುಕ್ಕಾಲು ಗಂಟೆಯಲ್ಲಿ ಎರಡೂ ಕೂಡಿದವು. ವಾಣಿಶ್ರೀ ಬೂಟು ಹಾಕಿ ತುದಿ ಒತ್ತಿದಳು.

ಟಕ್ ಎಂದಿತು.

ಹಿಮ್ಮಡಿ ಎತ್ತಿದಳು, ಇಳಿಸಿದಳು. ಇನ್ನೊಂದು ಕಾಲೂ ಒತ್ತಿದಳು. ಟಕ್. ಅಂಗಡಿಯ ನೆಲದ ಮೇಲೆಯೇ ಗೋಡೆಯವರೆಗೆ ಒಮ್ಮೆ ಸಾಗಿ ಬಂದಳು.

ಮರುದಿನ ಬೆಳಿಗ್ಗೆ ಊರ ಹೊರಗಿನ ಅಗಲವಾದ ರಸ್ತೆಯಲ್ಲಿ ಪಂದ್ಯ. ಹತ್ತು ಕಿಲೋಮೀಟರು, ಇಪ್ಪತ್ತೆರಡು ಹುಡುಗಿಯರು. ಸೀಟಿ ಊದಿದರು, ಹೊರಟರು. ಹುಡುಗಿಯರು ಮರಳಿ ಬರಲು ಹೊತ್ತಿದೆಯೆಂದು ಅಣ್ಣ ತಮ್ಮ ರಸ್ತೆ ಬದಿಯ ಚಹಾ ಬಂಡಿಯ ಬೆಂಚಿನ ಮೇಲೆ ಕೂತರು.

ಮಾತು ಮದುವೆ ಮನೆಯ ಬಾಗಿಲಿನಿಂದಲೇ ಶುರುವಾಯಿತು. ಲಿಂಗರಾಜ ಚಪ್ಪಲಿ ಬಿಚ್ಚಿ ಅಂದು ತುಳಿಸಿಕೊಂಡ ಹೆಬ್ಬೆರಳು ತೋರಿಸಿದ, ಅಮರನಾಥನೂ ತೋರಿಸಿದ. ಅಲ್ಲಿಂದ ಲಿಂಗರಾಜನ ಮಂಡಿನೋವಿಗೆ ಹೋಯಿತು. ಅದು ತಮ್ಮನಿಗೆ ಗೊತ್ತೇ ಇರಲಿಲ್ಲ. ಅಮರನಾಥನಿಗೆ ಹೋದ ವರ್ಷ ಕಾಮಾಲೆ ಆಗಿದ್ದು ಅಣ್ಣನಿಗೆ ಗೊತ್ತಿತ್ತು. ಕಾಂತಾಬಾಯಿಯ ಕೈಯಲ್ಲಿ ಔಷಧಿ ಕಳಿಸಿದವನು ಅವನೇ ಅಂತೆ. "ಅದು ನೀ ಕಳಿಸಿದ್ದೇನು? ಭಾಳ ಕಹಿ ಇತ್ತಲ್ಲೋ!" ಎಂದು ಅಮರನಾಥ ಬೆಂಚು ಕುಟ್ಟಿದ. ಚಹಾದ ಮೇಲೆ ಚಹಾ ಬಂತು. ಇಬ್ಬರ ಬೆನ್ನೂ ರಸ್ತೆಯ ಕಡೆಗಿತ್ತು.

ಪಂದ್ಯ ನೋಡಿದವನು ನಾನು. ಮೈಕಿನಲ್ಲಿ ಹೇಳುತ್ತಿದ್ದ ಪ್ರಕಾರ ಏಳು ಕಿಲೋಮೀಟರಿನವರೆಗೆ ವಾಣಿಶ್ರೀ ಆರನೆಯವಳಾಗಿದ್ದಳು. ಆಮೇಲೆ ಒಬ್ಬಳನ್ನು ದಾಟಿದಳು. ಎಂಟರಲ್ಲಿ ನಾಲ್ಕನೆಯವಳಾದಳು. ಕೊನೆಯ ನೂರು ಗಜ ಸಣ್ಣ ಏರು. ಮುಂದಿದ್ದ ಹುಡುಗಿಯ ಕೈ ಸೋತಂತೆ ಕಂಡವು. "ಅಮರನಾಥಾ, ಲಿಂಗರಾಜರೇ, ಬರ್ರಿ, ಬಂದಳು!" ಎಂದು ಕೂಗಿದೆ. ಲಿಂಗರಾಜ ತಿರುಗದೆ ಕೈ ಎತ್ತಿ, "ತಡೀರಿ, ಇದೊಂದ ಮಾತ ಮುಗೀಲಿ" ಎಂದ. ನಾನು ಮತ್ತೆ ರಸ್ತೆಯ ಕಡೆ ತಿರುಗುವಷ್ಟರಲ್ಲಿ ರಾಜೇಶ್ವರಿಬಾಯಿ ನನ್ನ ಕೈ ಗಟ್ಟಿಯಾಗಿ ಹಿಡಿದು ಚೀರುತ್ತಿದ್ದರು. ವಾಣಿಶ್ರೀ ಹಲ್ಲು ಕಚ್ಚಿ ಎರಡೂ ಕೋಲು ಊರುತ್ತ ಆ ಹುಡುಗಿಯನ್ನು ಒಂದು ಮಾರಿನಿಂದ ಹಿಂದೆ ಹಾಕಿ ಗೆರೆ ದಾಟಿದಳು. ಮೂರನೆಯವಳು. ಮೈಕಿನಲ್ಲಿ ಅವಳ ಹೆಸರು, ನಾರಾಯಣಖೇಡದ ಹೆಸರು ಎರಡೂ ಕೇಳಿದವು. ನಾನೂ ಚೀರಿದೆ, ಹೇಳಲು ನಾಚಿಕೆಯಿಲ್ಲ.

ಅವಳು ಗಾಲಿಯ ಮೇಲೆಯೇ ಬೆವರು ಸುರಿಸುತ್ತ ಚಹಾ ಬಂಡಿಯ ಹತ್ತಿರ ಬಂದಳು. "ಮಾಮಾ! ಮೂರನೇದಕಿ ನಾ! ಹಿಮಾಲಯಕ್ಕ ಹೊಂಟೀನಿ! ನೋಡಿದ್ರಿಲ್ಲ?"

ಅಣ್ಣ ತಮ್ಮನ ಮುಖ ನೋಡಿದ, ತಮ್ಮ ಅಣ್ಣನ ಮುಖ ನೋಡಿದ.

"ನೋಡಿದಿವಿ!" ಎಂದರು ಇಬ್ಬರೂ ಒಟ್ಟಿಗೆ.

"ಆ ಬ್ರಿಜ್ ಮ್ಯಾಲ ಆ ಹುಡುಗಿನ್ನ ಹಿಂದ ಹಾಕಿದೆಲ್ಲ, ಭಾಳ ಚಂದ," ಎಂದ ಲಿಂಗರಾಜ.

"ಬ್ರಿಜ್ ಮ್ಯಾಲೇ," ಎಂದ ಅಮರನಾಥ. "ನಾನೇ ಅಣ್ಣಗ ಬಟ್ಟು ಮಾಡಿ ತೋರಿಸ್ದೆ."

ಆ ಹತ್ತು ಕಿಲೋಮೀಟರಿನಲ್ಲಿ ಎಲ್ಲೂ ಒಂದು ಬ್ರಿಜ್ ಇಲ್ಲ. ವಾಣಿಶ್ರೀ ನನ್ನ ಕಡೆ ನೋಡಿದಳು. ನಾನು ಬಂಡಿಯ ಕಡೆ ತಿರುಗಿ ಚಹಾ ಹೇಳಿದೆ.

"ಹೌದ್ ಮಾಮಾ, ಬ್ರಿಜ್ ಮ್ಯಾಲೇ," ಎಂದಳು. ಆಮೇಲೆ "ಜರಾ ಸರೀರಿ" ಎಂದು ಇಬ್ಬರ ನಡುವೆ ಜಾಗ ಮಾಡಿಕೊಂಡು ಕೂತಳು.